ಮೂವತ್ತಮೂರು ವರ್ಷದ ನಂತರ ಅಪ್ಪ ಸಿಕ್ಕಿದ್ದಾರೆ, ಹೋಗಿ ನೋಡಲೇ?

ಪ್ರಶ್ನೆ: ನನಗೆ 37 ವರ್ಷ. ಶಿವಮೊಗ್ಗದಲ್ಲಿ ಸಹಕಾರ ಸಂಘವೊಂದರಲ್ಲಿ ಕೆಲಸ. ಗಂಡ ಮತ್ತು ಒಂಬತ್ತು ವರ್ಷದ ಮಗಳಿದ್ದಾಳೆ. 1992ರಲ್ಲಿ, ನನಗೆ ನಾಲ್ಕು ವರ್ಷ ಇದ್ದಾಗ, ಅಪ್ಪ ಹೋಟೆಲ್ ಕೆಲಸಕ್ಕೆಂದು ಪುಣೆಗೆ ಹೋದರು. ಒಂದೂವರೆ ವರ್ಷ ಮನಿಯಾರ್ಡರ್ ಬಂತು. ಆಮೇಲೆ ದುಡ್ಡೂ ಇಲ್ಲ, ಪತ್ರವೂ ಇಲ್ಲ. ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಅಮ್ಮ ಅಡಿಕೆ ಸುಲಿದು, ಹಾಸ್ಟೆಲ್‌ನಲ್ಲಿ ಅಡುಗೆ ಮಾಡಿ ನನ್ನನ್ನು ಓದಿಸಿದರು. ಇವತ್ತಿಗೂ ಅವರು ತಾಳಿ ತೆಗೆದಿಲ್ಲ. ಹೋದ ತಿಂಗಳು ಫೇಸ್‌ಬುಕ್‌ನಲ್ಲಿ ಒಬ್ಬ ಹುಡುಗ "ಅಕ್ಕಾ, ನಾನು ನಿಮ್ಮ ತಮ್ಮ" ಎಂದು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸಿದ. ಜೊತೆಗೆ ಅಪ್ಪನ ಒಂದು ಫೋಟೊ. ಅಪ್ಪನಿಗೆ ಅಲ್ಲಿ ಇನ್ನೊಂದು ಸಂಸಾರ ಇದೆಯಂತೆ. ಈ ಹುಡುಗನಿಗೆ 27, ಅವನ ತಂಗಿಗೆ 23. ಆರು ತಿಂಗಳ ಹಿಂದೆ ಅಪ್ಪನಿಗೆ ಲಕ್ವ ಹೊಡೆದಿದೆ. ಆಮೇಲೆ ಮರಾಠಿ ಕಡಿಮೆಯಾಗಿ ಕನ್ನಡವೇ ಜಾಸ್ತಿ ಬರುತ್ತಿದೆಯಂತೆ. ಚಿಕ್ಕಂದಿನಲ್ಲಿ ನನ್ನನ್ನು ಕರೆಯುತ್ತಿದ್ದ ಹೆಸರನ್ನು ಮತ್ತೆ ಮತ್ತೆ ಹೇಳುತ್ತಾರಂತೆ. ಆ ಹೆಸರು ಯಾರದು ಎಂದು ಕೇಳಿದಾಗಲೇ ಆ ಮಕ್ಕಳಿಗೆ ನಮ್ಮ ವಿಷಯ ಗೊತ್ತಾದದ್ದು. ಅಮ್ಮನಿಗೆ ನಾನಿನ್ನೂ ಹೇಳಿಲ್ಲ. ನನ್ನ ಗಂಡ, "ಆಸ್ತಿ ಇಲ್ಲವೇ ಆಸ್ಪತ್ರೆ ಖರ್ಚು, ಎರಡರಲ್ಲಿ ಒಂದಕ್ಕೆ ಕರೀತಿದಾರೆ" ಅನ್ನುತ್ತಾರೆ. ನನಗೆ ಸಿಟ್ಟೂ ಬರುತ್ತೆ, ರಾತ್ರಿ ಆ ಫೋಟೊ ತೆಗೆದೂ ನೋಡ್ತೀನಿ. ಹೋಗಬೇಕಾ, ಬಿಡಬೇಕಾ?

ಉತ್ತರ:

ನಿಮ್ಮ ಪತ್ರದ ಕೊನೆಗೆ ಬಂದು ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಸಿಟ್ಟೂ ಬರುತ್ತೆ, ಫೋಟೊನೂ ನೋಡ್ತೀನಿ ಅಂದಿದ್ದೀರಿ. ಇದರಲ್ಲಿ ಯಾವುದು ನಿಜವಾದ ಮನಸ್ಸು ಎಂದು ನೀವು ಹುಡುಕುತ್ತಿದ್ದೀರಿ ಅನ್ನಿಸಿತು. ಹುಡುಕಬೇಡಿ. ಎರಡೂ ನಿಮ್ಮದೇ. ಸಿಟ್ಟು ಪೂರ್ತಿ ಇಳಿದ ಮೇಲೆ ಹೋಗುತ್ತೇನೆ ಎಂದು ಕಾದು ಕೂತವರನ್ನು ನಾನು ನೋಡಿದ್ದೇನೆ. ಸಿಟ್ಟು ಇಳಿಯುವುದಿಲ್ಲ, ವರ್ಷ ಮಾತ್ರ ಕಳೆಯುತ್ತದೆ.

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಹೋಗಿ. ಆದರೆ ನಾಳೆಯೇ ಬೇಡ, ಅಮ್ಮನಿಗೆ ಹೇಳದೆಯೂ ಬೇಡ. ಇನ್ನೊಂದು ಮಾತು, ನನ್ನ ಮಟ್ಟಿಗೆ ಇದೇ ಮುಖ್ಯ: ಅಪ್ಪನನ್ನು ನೋಡುವುದು ಒಂದು ವಿಷಯ, ಆ ತಮ್ಮ ತಂಗಿಯ ಜೊತೆ ಮಾತುಕತೆ ಇಟ್ಟುಕೊಳ್ಳುವುದು ಬೇರೆಯೇ ವಿಷಯ. ಎರಡನ್ನೂ ಒಂದೇ ಗಂಟು ಮಾಡಿ ಕಟ್ಟಬೇಡಿ. ಅಪ್ಪನ ಲೆಕ್ಕ ಚುಕ್ತಾ ಆಗದೆ ಇರಬಹುದು. ಹಾಗೆಂದು ಆ ಮಕ್ಕಳ ಲೆಕ್ಕವನ್ನೂ ಅದೇ ಪುಸ್ತಕದಲ್ಲಿ ಬರೆಯುವುದು ಬೇಡ. ನೀವು ಅಪ್ಪನನ್ನು ಒಮ್ಮೆ ನೋಡಿ ಸಾಕು ಅಂದುಕೊಂಡು, ತಮ್ಮನ ಜೊತೆ ಮೂವತ್ತು ವರ್ಷ ಮಾತಾಡಬಹುದು. ಅಪ್ಪನ ಹತ್ತಿರ ಕೂತು ಬಂದು, ಆ ಮನೆಯವರ ಜೊತೆ ದೂರದ ನಮಸ್ಕಾರದಲ್ಲೇ ಇರಬಹುದು. ಎರಡರಲ್ಲೂ ತಪ್ಪಿಲ್ಲ.

ಈಗ ನಿಮ್ಮ ಮನಸ್ಸಿನ ಮಾತು. ಅಪ್ಪ ಸತ್ತಿದ್ದರೆ ನೀವು ಅತ್ತು, ತಿಥಿ ಮಾಡಿ, ಫೋಟೊಗೆ ಹಾರ ಹಾಕಿರುತ್ತಿದ್ದಿರಿ. ಜಗಳ ಆಡಿ ಬಿಟ್ಟುಹೋಗಿದ್ದರೆ ಬೈಯುವುದಕ್ಕಾದರೂ ಒಂದು ಕಾರಣ ಇರುತ್ತಿತ್ತು. ನಿಮ್ಮ ಮನೆಯಲ್ಲಿ ಎರಡೂ ಆಗಲಿಲ್ಲ. ಮನುಷ್ಯ ಇಲ್ಲ, ಆದರೆ ಸತ್ತೂ ಇಲ್ಲ. ಅಮೆರಿಕದ ಪಾಲಿನ್ ಬಾಸ್ ಎಂಬ ಸಂಶೋಧಕಿ 1970ರ ದಶಕದಲ್ಲಿ ಇಂಥ ಸಂಕಟವನ್ನು ಅಭ್ಯಾಸ ಮಾಡಿದರು. ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರನ್ನು ಮಾತಾಡಿಸಿ, ಕೊನೆಯೇ ಇಲ್ಲದ ಈ ಕಳೆದುಕೊಳ್ಳುವಿಕೆ ಸಾವಿಗಿಂತ ಬೇರೆ ರೀತಿಯ ನೋವು ಎಂದು ಅದಕ್ಕೊಂದು ಹೆಸರು ಕೊಟ್ಟರು. ನಮ್ಮ ಹಿರಿಯರಿಗೂ ಇದು ಗೊತ್ತಿತ್ತು. ಕಾಣೆಯಾದವನಿಗಾಗಿ ಹನ್ನೆರಡು ವರ್ಷ ಕಾದು, ಆಮೇಲೆ ಬೊಂಬೆ ಮಾಡಿ ಸಂಸ್ಕಾರ ಮಾಡುವ ಪದ್ಧತಿ ಇತ್ತಲ್ಲ, ಅದು ಹೋದವನಿಗಿಂತ ಉಳಿದವರ ಸಲುವಾಗಿ ಇದ್ದದ್ದು ಅಂತ ನನಗೆ ಅನ್ನಿಸುತ್ತದೆ. ನಿಮ್ಮ ಅಮ್ಮ ತಾಳಿ ತೆಗೆಯಲಿಲ್ಲ, ಬೊಂಬೆಯನ್ನೂ ಮಾಡಲಿಲ್ಲ. ಅಂದರೆ ನಿಮ್ಮ ಮನೆಯಲ್ಲಿ ಮೂವತ್ತಮೂರು ವರ್ಷದಿಂದ ಒಂದು ಬಾಗಿಲು ಅರ್ಧ ತೆರೆದೇ ಇದೆ. ಅಂಥ ಮನೆಯಲ್ಲಿ ಬೆಳೆದವರು ರಾತ್ರಿ ಫೋಟೊ ತೆಗೆದು ನೋಡದೆ ಇನ್ನೇನು ಮಾಡುತ್ತಾರೆ?

ಹೋಗುವ ಮೊದಲು ಒಂದು ಸಣ್ಣ ಕೆಲಸ. ಆ ಹುಡುಗ ಹೇಳುತ್ತಿರುವುದು ನಿಜವೇ ಎಂದು ಖಾತ್ರಿ ಮಾಡಿಕೊಳ್ಳಿ. ಅನುಮಾನ ಪಡಬೇಕು ಅಂತಲ್ಲ, ನಿಮ್ಮ ಮನಸ್ಸು ನೆಮ್ಮದಿಯಾಗಿ ಮುಂದೆ ಹೋಗಲಿ ಅಂತ. ವೀಡಿಯೊ ಕರೆ ಮಾಡಿ. ಊರಿನ ಹೆಸರು, ಅಜ್ಜಿಯ ಹೆಸರು ಕೇಳಿ. ಅಪ್ಪನ ಹಳೇ ಕಾಗದ ಏನಾದರೂ ಇದ್ದರೆ ತೋರಿಸಲು ಹೇಳಿ. ದುಡ್ಡಿನ ಮಾತು ಮೊದಲ ವಾರದಲ್ಲೇ ಬಂದರೆ ಅಲ್ಲೇ ನಿಲ್ಲಿಸಿ. ಡಿಎನ್‌ಎ ಪರೀಕ್ಷೆ ಮಾಡಿಸೋಣವೇ ಎಂದು ಕೆಲವರು ಕೇಳುತ್ತಾರೆ. ಈ ಹಂತದಲ್ಲಿ ಅದರ ಅಗತ್ಯ ನನಗೆ ಕಾಣುವುದಿಲ್ಲ. ಮುಂದೆ ಬೇಕೆನಿಸಿದರೂ ಅಪ್ಪ ಮತ್ತು ಮಗಳ ಪರೀಕ್ಷೆಯಷ್ಟು ಸ್ಪಷ್ಟ ಉತ್ತರ, ತಂದೆ ಮಾತ್ರ ಒಬ್ಬರೇ ಆಗಿರುವ ಅಕ್ಕ ತಮ್ಮನ ಪರೀಕ್ಷೆಯಲ್ಲಿ ಸಿಗುವುದಿಲ್ಲ.

ಇನ್ನು ಅಮ್ಮ. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ನಿಮ್ಮಂಥ ಹೆಣ್ಣುಮಕ್ಕಳು ಎರಡು ತಪ್ಪು ಮಾಡುತ್ತಾರೆ. ಒಂದು, ಅಮ್ಮನಿಂದ ಮುಚ್ಚಿಟ್ಟು ಹೋಗಿಬರುವುದು. ಇನ್ನೊಂದು, ಅಮ್ಮನ ಹತ್ತಿರ ಹೋಗಿ "ನೀನು ಹೇಳಿದರೆ ಹೋಗ್ತೀನಿ, ಬೇಡ ಅಂದರೆ ಬಿಡ್ತೀನಿ" ಅನ್ನುವುದು. ಎರಡನೆಯದು ನೋಡಲು ಒಳ್ಳೆಯದು ಅನ್ನಿಸುತ್ತದೆ, ಅಲ್ವಾ? ಆದರೆ ಅದು ಆ ಹೆಂಗಸಿನ ತಲೆಯ ಮೇಲೆ ಇನ್ನೊಂದು ಮೂಟೆ ಹೊರಿಸಿದ ಹಾಗೆ. ಬೇಡ ಅಂದರೆ ಮಗಳ ಆಸೆ ಮುರಿದವಳಾಗುತ್ತಾಳೆ. ಹೋಗು ಅಂದರೆ ತನ್ನ ನೋವನ್ನು ತಾನೇ ನುಂಗಬೇಕಾಗುತ್ತದೆ. ಮೂವತ್ತಮೂರು ವರ್ಷ ಎಲ್ಲ ತೀರ್ಮಾನವನ್ನೂ ಅವರೊಬ್ಬರೇ ತೆಗೆದುಕೊಂಡಿದ್ದಾರೆ. ಇದೊಂದನ್ನಾದರೂ ನೀವು ಹೊತ್ತುಕೊಳ್ಳಿ. ಅಪ್ಪಣೆ ಕೇಳಬೇಡಿ, ವಿಷಯ ಹೇಳಿ. ನಿಮ್ಮ ಬಾಯಿಂದಲೇ ಹೇಳಿ. ಊರಲ್ಲಿ ಯಾರದೋ ಫೋನಿನಲ್ಲಿ ಆ ಫೋಟೊ ನೋಡಿ ಅಮ್ಮನಿಗೆ ಗೊತ್ತಾಗುವ ಹಾಗೆ ಮಾತ್ರ ಆಗಬಾರದು.

ಹೇಗೆ ಹೇಳುವುದು? ಎದುರು ಬದುರು ಕೂರಿಸಿ "ಒಂದು ವಿಷಯ ಹೇಳಬೇಕು" ಎಂದು ಶುರು ಮಾಡಬೇಡಿ. ಯಾರಿಗಾದರೂ ಏನೋ ಆಗಿದೆ ಅಂದುಕೊಂಡು ಎದೆ ಹೊಡೆದುಕೊಳ್ಳುತ್ತದೆ. ನನ್ನ ಹತ್ತಿರ ಬಂದಿದ್ದ ಮಲೆನಾಡಿನ ಒಬ್ಬರು ಅಮ್ಮನ ಜೊತೆ ಅಡಿಕೆ ಸುಲಿಯಲು ಕೂತರಂತೆ. ಮೆಟ್ಟುಗತ್ತಿಯ ಮುಂದೆ ಕೂತ ಮೇಲೆ ಇಬ್ಬರ ಕಣ್ಣೂ ಕೈಯ ಮೇಲೆ. ಮುಖ ನೋಡಬೇಕಾಗಿಲ್ಲ. ಬುಟ್ಟಿ ಅರ್ಧ ಆದಾಗ ಹೇಳಿದರಂತೆ. ಅಮ್ಮ ಏನೂ ಮಾತಾಡಲಿಲ್ಲ. ಇನ್ನೂ ಇಪ್ಪತ್ತು ಮೂವತ್ತು ಕಾಯಿ ಸುಲಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಅವನಿಗೆ ಊಟ ಯಾರು ಹಾಕ್ತಾರೆ?" ಮಗಳಿಗೆ ಆ ಕ್ಷಣ ಸಿಟ್ಟು ಬಂತಂತೆ. ಇಷ್ಟು ವರ್ಷ ಕಷ್ಟಪಟ್ಟವಳು ಕೇಳುವ ಮಾತೇ ಇದು ಎಂದು. ನಿಮ್ಮ ಅಮ್ಮ ಏನು ಕೇಳುತ್ತಾರೋ ಗೊತ್ತಿಲ್ಲ. ಬೈಯಬಹುದು, ಎದ್ದು ಹೋಗಬಹುದು, "ಹಾಗಾದರೆ ನಾನೂ ಬರ್ತೀನಿ" ಅನ್ನಬಹುದು. ಯಾವುದು ಬಂದರೂ ಅದನ್ನು ತಿದ್ದಲು ಹೋಗಬೇಡಿ. ಅವರಿಗೂ ಆ ಸುದ್ದಿ ಅವತ್ತೇ ಹೊಸದು. ನಿಮಗೆ ಒಂದು ತಿಂಗಳು ಸಿಕ್ಕಿದೆ, ಅವರಿಗೂ ಅಷ್ಟು ದಿನ ಕೊಡಿ.

ಒಂದು ಮಾತು ಮಾತ್ರ ಬಾಯಿಬಿಟ್ಟು ಹೇಳಿ: "ನಾನು ನೋಡಿಬರೋದು ಅಷ್ಟೇ, ನೀನು ಮಾಡಿದ್ದಕ್ಕೆ ಯಾರೂ ಸಮ ಅಲ್ಲ." ಅಮ್ಮನಿಗೆ ಇದು ಗೊತ್ತಿರುತ್ತದೆ ಅಂದುಕೊಳ್ಳಬೇಡಿ. ಗೊತ್ತಿದ್ದರೂ ಕೇಳಿಸಿಕೊಳ್ಳಬೇಕು ಅನ್ನಿಸುತ್ತದೆ. ಎರಡನೇ ಸಂಸಾರದ ವಿಷಯವನ್ನೂ ಅವತ್ತೇ ಹೇಳಿಬಿಡಿ. ಕಂತಿನಲ್ಲಿ ಹೇಳಿದರೆ ನೋವು ಪ್ರತಿ ಕಂತಿಗೂ ಹೊಸದಾಗುತ್ತದೆ.

ಅಪ್ಪನನ್ನು ನೋಡುವ ದಿನದ ಬಗ್ಗೆ ಈಗ. ಲಕ್ವ ಆಗಿದೆ ಅಂದಿರಿ. ಇದನ್ನು ಸರಿಯಾಗಿ ತಿಳಿದುಕೊಂಡು ಹೋಗದಿದ್ದರೆ ನೀವು ತಪ್ಪು ಅರ್ಥ ಮಾಡಿಕೊಂಡು ಬರುತ್ತೀರಿ ಅನ್ನುವ ಭಯ ನನಗಿದೆ.

ಮೆದುಳಿನಲ್ಲಿ ಮಾತಿಗೆ ಸಂಬಂಧಪಟ್ಟ ಜಾಗಕ್ಕೆ, ಹೆಚ್ಚಿನವರಲ್ಲಿ ಅದು ಎಡಭಾಗದಲ್ಲಿ, ಪೆಟ್ಟು ಬಿದ್ದರೆ ಮಾತು ಕೆಡುತ್ತದೆ. ಹೇಳಬೇಕಾದ್ದು ಒಳಗಿರುತ್ತದೆ, ಶಬ್ದ ಸಿಗುವುದಿಲ್ಲ. ಎರಡು ಮೂರು ಭಾಷೆ ಬಲ್ಲವರಲ್ಲಿ ಎಲ್ಲ ಭಾಷೆಯೂ ಒಂದೇ ಅಳತೆಯಲ್ಲಿ ವಾಪಸ್ ಬರಬೇಕೆಂದಿಲ್ಲ. ಒಬ್ಬರಿಗೆ ಚಿಕ್ಕಂದಿನ ಭಾಷೆ ಮೊದಲು ಬರುತ್ತದೆ, ಇನ್ನೊಬ್ಬರಿಗೆ ಆಮೇಲೆ ಕಲಿತದ್ದು ಬರುತ್ತದೆ. ನಿಮ್ಮ ಅಪ್ಪನಿಗೆ ಕನ್ನಡ ಬಂದಿದೆ, ಅದರ ಜೊತೆ ನಿಮ್ಮ ಹೆಸರೂ ಬಂದಿದೆ. ಕೇಳಿದರೆ ಯಾರಿಗಾದರೂ ಕರುಳು ಚುರ್ ಅನ್ನುತ್ತದೆ. ನನಗೂ ಅಂದಿತು. ಆದರೆ ಇದನ್ನು "ಇಷ್ಟು ವರ್ಷ ನನ್ನನ್ನೇ ನೆನೆಸುತ್ತಿದ್ದರು" ಎಂಬುದಕ್ಕೆ ಸಾಕ್ಷಿ ಎಂದು ಹಿಡಿದುಕೊಂಡು ಹೋಗಬೇಡಿ. ನೆನೆಸಿರಬಹುದು. ಆ ಹೆಸರು ಬರೀ ಹಳೇ ಕನ್ನಡದ ಜೊತೆ ಮೇಲೆದ್ದು ಬಂದಿರಲೂಬಹುದು.

ಅಳುವಿನ ವಿಷಯವೂ ಹಾಗೆಯೇ. ಲಕ್ವದ ನಂತರ ಕೆಲವರಿಗೆ ಅಳು ಮತ್ತು ನಗು ಹತೋಟಿಯಲ್ಲಿ ಇರುವುದಿಲ್ಲ. ಟಿವಿಯಲ್ಲಿ ಏನೋ ಬಂದರೂ ಗೊಳೋ ಅಂತ ಅಳುತ್ತಾರೆ. ಅದು ಕಾಯಿಲೆಯ ಭಾಗ, ವೈದ್ಯರಿಗೆ ಗೊತ್ತಿರುವ ವಿಷಯ. ನಿಮ್ಮನ್ನು ನೋಡಿ ಅಪ್ಪ ಬಿಕ್ಕಿ ಬಿಕ್ಕಿ ಅಳಬಹುದು. ಆ ಅಳುವನ್ನೇ ಕ್ಷಮೆ ಎಂದು ತೆಗೆದುಕೊಂಡು ಎಲ್ಲ ಮರೆತು ಬಂದವರು, ಮೂರು ತಿಂಗಳ ಮೇಲೆ "ಅವತ್ತು ಏನೂ ಕೇಳಲೇ ಇಲ್ಲವಲ್ಲ" ಎಂದು ಕೊರಗುವುದನ್ನು ನೋಡಿದ್ದೇನೆ. ಅಳದೇ ಇದ್ದರೆ ಕಲ್ಲುಹೃದಯ ಅಂದುಕೊಳ್ಳುವುದೂ ಅಷ್ಟೇ ತಪ್ಪು.

ಹಾಗಾಗಿ "ಯಾಕೆ ಬಿಟ್ಟು ಹೋದಿರಿ" ಎಂಬ ದೊಡ್ಡ ಪ್ರಶ್ನೆಗೆ ಉತ್ತರ ಸಿಗಲೇಬೇಕು ಎಂಬ ಹಟದಲ್ಲಿ ಹೋಗಬೇಡಿ. ಕೇಳಬೇಡಿ ಅಂತಲ್ಲ. ಕೇಳಿ, ನಿಮಗೆ ಆ ಹಕ್ಕಿದೆ. ಆದರೆ ಹೇಗೆ ಕೇಳಬೇಕೆಂದು ಯೋಚಿಸಿ. ಮಾತು ಕೆಟ್ಟವರ ಹತ್ತಿರ ಚಿಕ್ಕ ವಾಕ್ಯದಲ್ಲಿ ಮಾತಾಡಬೇಕು. ಹೌದು, ಇಲ್ಲ ಎಂದು ತಲೆಯಾಡಿಸಿ ಹೇಳುವಂಥ ಪ್ರಶ್ನೆ ಕೇಳಬೇಕು. "ನಮಗೆ ಕಾಗದ ಬರೆದಿದ್ರಾ?" "ಊರಿಗೆ ಬರಬೇಕು ಅನ್ನಿಸಿತ್ತಾ?" ಒಂದು ಕೇಳಿ ಕಾಯಬೇಕು. ಒಂದು ನಿಮಿಷ ಆದರೂ ಕಾಯಬೇಕು. ಟಿವಿ ಆರಿಸಿ, ಒಮ್ಮೆಗೆ ಒಬ್ಬರೇ ಮಾತಾಡಿ. ನಡುವೆ ಶಬ್ದ ಹುಡುಕಿ ಕೊಡಲು ಯಾರೂ ಬಾಯಿ ಹಾಕಬಾರದು.

ಮನಿಯಾರ್ಡರ್ ಫಾರಂನಲ್ಲಿ ನಾಲ್ಕು ಮಾತು ಬರೆಯಲು ಒಂದು ಚೂರು ಜಾಗ ಇರುತ್ತಿತ್ತು. ಹಣದ ಜೊತೆ ಆ ಚೂರನ್ನು ಪೋಸ್ಟ್‌ಮ್ಯಾನ್ ಹರಿದು ಕೊಡುತ್ತಿದ್ದ. ನಿಮ್ಮ ಅಮ್ಮನ ಟ್ರಂಕಿನಲ್ಲಿ ಅಂಥದ್ದು ಒಂದೆರಡು ಇರಬಹುದು. ಕೇಳಿ ನೋಡಿ. ಇದ್ದರೆ ಒಂದನ್ನು ತೆಗೆದುಕೊಂಡು ಹೋಗಿ, ಅಪ್ಪನ ಕೈಗೆ ಕೊಡಿ. ಬಾಯಿಂದ ಬಾರದ ಮಾತು ಕೆಲವು ಸಲ ಕಣ್ಣೆದುರು ತನ್ನದೇ ಅಕ್ಷರ ಕಂಡಾಗ ಬರುತ್ತದೆ. ಬರದಿದ್ದರೂ, ಅವರೊಮ್ಮೆ ಅದನ್ನು ನೋಡಲಿ.

ಮೊದಲ ಸಲ ಒಂದು ಗಂಟೆ ಸಾಕು. ಅವರ ಮನೆಯಲ್ಲೇ ಉಳಿದುಕೊಳ್ಳಬೇಡಿ, ಎಷ್ಟೇ ಒತ್ತಾಯ ಮಾಡಿದರೂ. ಬೇರೆ ಕಡೆ ರೂಮು ಮಾಡಿ. ಎದ್ದು ಬರಬೇಕು ಅನ್ನಿಸಿದ ಕೂಡಲೇ ಎದ್ದು ಬರುವಂತಿರಬೇಕು. ನಿಮ್ಮ ಗಂಡ ಜೊತೆಗಿರಲಿ, ಅವರ ಅನುಮಾನವೂ ಒಂದು ರೀತಿಯ ಕಾಳಜಿಯೇ. ಆದರೆ ಅಪ್ಪನ ಹತ್ತಿರ ನೀವು ಕೂತಾಗ ಅವರು ಹೊರಗೆ ಇರಲಿ. ಮಗಳನ್ನು ಈ ಸಲ ಕರೆದುಕೊಂಡು ಹೋಗಬೇಡಿ. ಅವಳಿಗೆ ತಾತ ಎಂದು ಪರಿಚಯ ಮಾಡಿಸಿದ ಮೇಲೆ ಆ ತಾತ ಮತ್ತೆ ಕಾಣೆಯಾಗಬಾರದು. ಇವರು ಇರುತ್ತಾರೆ ಎಂದು ನಿಮಗೆ ನಂಬಿಕೆ ಬಂದ ಮೇಲೆ ಅವಳ ಸರದಿ. ಹಾಗೆಂದು ಅವಳಿಂದ ಪೂರ್ತಿ ಮುಚ್ಚಿಡಲೂ ಬೇಡಿ. ಅಜ್ಜ ಸಿಕ್ಕಿದ್ದಾರೆ, ಅವರಿಗೆ ಹುಷಾರಿಲ್ಲ, ನೋಡಿಕೊಂಡು ಬರ್ತೀನಿ, ಇಷ್ಟು ಒಂಬತ್ತು ವರ್ಷದ ಮಗುವಿಗೆ ಹೇಳಬಹುದು.

ಆ ದಿನ ಯಾವ ಮಾತನ್ನೂ ಕೊಡಬೇಡಿ. "ನಾನೇ ನೋಡ್ಕೋತೀನಿ", "ಊರಿಗೆ ಕರ್ಕೊಂಡು ಹೋಗ್ತೀನಿ" ಇಂಥ ಮಾತು ಕಣ್ಣೀರಿನ ನಡುವೆ ಸುಲಭವಾಗಿ ಬಾಯಿಗೆ ಬರುತ್ತದೆ. ತಡೆದುಕೊಳ್ಳಿ.

ಈಗ ತಮ್ಮ ತಂಗಿ. ನನಗೆ ನಿಮ್ಮ ಪತ್ರದಲ್ಲಿ ಹೆಚ್ಚು ಆಸೆ ಕಂಡದ್ದು ಇಲ್ಲೇ.

ಕನ್ನಡದಲ್ಲಿ ಇವರನ್ನು ಕರೆಯಲು ಸರಿಯಾದ ಶಬ್ದವೇ ಇಲ್ಲ. ಮಲತಮ್ಮ, ಮಲತಂಗಿ ಎನ್ನಬೇಕು. ಆ 'ಮಲ' ಎಂಬುದು ಬಂದ ಕೂಡಲೇ ಮಾತು ಹುಳಿಯಾಗುತ್ತದೆ. ಸರ್ಕಾರ ನಮ್ಮ ಜಿಲ್ಲೆಗೆ ದುಡ್ಡು ಕೊಡದಿದ್ದರೂ 'ಮಲತಾಯಿ ಧೋರಣೆ' ಅಂತಲೇ ಪೇಪರಿನಲ್ಲಿ ಬರೆಯುತ್ತೇವಲ್ಲ. ಇನ್ನೊಂದು ಮಾತಿದೆ, ಬೆನ್ನಿಗೆ ಬಿದ್ದವರು. ನಮ್ಮ ನಂತರ ಹುಟ್ಟಿದ ತಮ್ಮನಿಗೆ, ತಂಗಿಗೆ ಹೇಳುವ ಮಾತು. ನಿಮಗಿಂತ ಹತ್ತು ವರ್ಷ ತಡವಾಗಿ, ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ ಬೆನ್ನಿಗೆ ಬಿದ್ದವರು ಇವರು.

ಆ ಹುಡುಗನ ಕಡೆಯಿಂದ ಒಮ್ಮೆ ಯೋಚಿಸಿ. ನಿಮಗೆ ಅಪ್ಪ ಇಲ್ಲ ಎಂಬುದು ನಾಲ್ಕನೇ ವರ್ಷದಿಂದ ಗೊತ್ತು. ಅವನಿಗೆ ತನ್ನ ಅಪ್ಪ ಇಂಥವರು ಎಂಬುದು ಗೊತ್ತಾಗಿ ಆರು ತಿಂಗಳೂ ಆಗಿಲ್ಲ. ಇಪ್ಪತ್ತೇಳು ವರ್ಷ ತಾನೇ ಹಿರಿಯ ಮಗ ಅಂದುಕೊಂಡಿದ್ದವನು ಒಂದು ದಿನ ಎದ್ದು ನೋಡಿದರೆ ತನಗೊಬ್ಬಳು ಅಕ್ಕ ಇದ್ದಾಳೆ. ತನ್ನ ಅಮ್ಮನ ಮದುವೆಯ ಕಥೆಯೇ ಬೇರೆ. ಅದನ್ನು ಮುಚ್ಚಿ ಹಾಕಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನು ಸರಿಯಾಗಿ ಬರದ ಭಾಷೆಯಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ "ಅಕ್ಕಾ" ಎಂದು ಬರೆದ. ಅವನ ಉದ್ದೇಶ ಏನೇ ಇರಲಿ, ಆ ಒಂದು ಕೆಲಸಕ್ಕೆ ಧೈರ್ಯ ಬೇಕು.

ಅವನ ಅಮ್ಮನಿಗೆ ಮೊದಲೇ ಗೊತ್ತಿತ್ತೋ, ಆಕೆಗೂ ಮೋಸವೇ ಆಗಿತ್ತೋ ನಿಮಗೆ ಇನ್ನೂ ತಿಳಿಯದು. ತಿಳಿಯುವ ತನಕ ತೀರ್ಪು ಕೊಡಬೇಡಿ. ಆಕೆಯನ್ನು ಚಿಕ್ಕಮ್ಮ ಅನ್ನಬೇಕೇ ಎಂಬ ಸಂಕಟ ಬೇಡ. ನಮಸ್ಕಾರ ಹೇಳಿ, ಹೆಸರಿನ ಮುಂದೆ ಅವರು ಎಂದು ಸೇರಿಸಿ ಮಾತಾಡಿಸಿ, ಸಾಕು.

ಮುಂಬೈಗೆ ಹೋಟೆಲ್ ಕೆಲಸಕ್ಕೆ ಹೋಗಿ ಅಲ್ಲೇ ಇನ್ನೊಂದು ಮನೆ ಮಾಡಿಕೊಂಡ ತಂದೆಯನ್ನು ನಲವತ್ತೊಂದನೇ ವಯಸ್ಸಿನಲ್ಲಿ ನೋಡಲು ಹೋದ ಕುಂದಾಪುರ ಕಡೆಯ ಒಬ್ಬರು ಹೇಳಿದ್ದನ್ನು ಹೇಳುತ್ತೇನೆ. ಗುರುತು ಸಿಗದಂತೆ ಸ್ವಲ್ಪ ಬದಲಿಸಿದ್ದೇನೆ. ತಂದೆ ಮುಕ್ಕಾಲು ಗಂಟೆ ಹೋಟೆಲಿನ ಬಾಡಿಗೆ, ಅಡುಗೆ ಭಟ್ಟರು ಸಿಗದ ಕಷ್ಟ ಇದನ್ನೇ ಮಾತಾಡಿದರಂತೆ. ಕ್ಷಮೆಯ ಮಾತು ಬರಲೇ ಇಲ್ಲ. ಇವರು ಒಳಗೊಳಗೇ ಕುದಿಯುತ್ತಾ ಊಟಕ್ಕೆ ಕೂತರು. ಇವರು ಎಡಚ. ಚಿಕ್ಕಂದಿನಲ್ಲಿ ಎಡಗೈಯಲ್ಲಿ ಅನ್ನ ಕಲಸಿದ್ದಕ್ಕೆ ಅಜ್ಜಿಯ ಹತ್ತಿರ ಪೆಟ್ಟು ತಿಂದು ತಿಂದು ಊಟ ಮಾತ್ರ ಬಲಗೈಗೆ ಬಂದಿತ್ತು. ಲೋಟ ಎತ್ತುವಾಗ ಎಡಗೈ ಮುಂದೆ ಹೋಯಿತು. ಎದುರಿಗೆ ಬಡಿಸುತ್ತಿದ್ದ ತಂಗಿ ನಿಂತುಬಿಟ್ಟಳಂತೆ. "ನೀವೂನಾ?" ಎಂದು ತನ್ನ ಎಡಗೈ ತೋರಿಸಿದಳಂತೆ. ಅವಳ ಸೌಟು ಎಡಗೈಯಲ್ಲಿತ್ತು. ಅವಳಿಗೂ ಪೆಟ್ಟು ಬಿದ್ದಿತ್ತಂತೆ, ಶಾಲೆಯಲ್ಲಿ. ತಂದೆಯ ಮುಂದೆ ಬಾರದ ಅಳು ಅವರಿಗೆ ಆ ಎಲೆಯ ಮುಂದೆ ಬಂತು. ಈಗ ತಂದೆ ತೀರಿಕೊಂಡಿದ್ದಾರೆ. ಆ ಅಣ್ಣ ತಂಗಿ ವಾರಕ್ಕೊಮ್ಮೆ ಮಾತಾಡುತ್ತಾರೆ.

ಎಲ್ಲರಿಗೂ ಹೀಗೇ ಆಗುತ್ತದೆ ಎಂದಲ್ಲ. ಇನ್ನೊಂದು ವಿಷಯವೂ ಹೇಳಬೇಕು. ಮೊದಲ ಕೆಲವು ವಾರ ದಿನಾ ಫೋನು, ಫೋಟೊ, "ನಿನ್ನ ಮೂಗು ನನ್ನ ಹಾಗೇ ಇದೆ" ಎಂಬ ಸಂಭ್ರಮ ಇರುತ್ತದೆ. ಆಮೇಲೆ ಒಂದು ದಿನ ಯಾರಾದರೂ ಒಬ್ಬರು ತಣ್ಣಗಾಗುತ್ತಾರೆ. ಸಂದೇಶ ನೋಡಿಯೂ ಉತ್ತರ ಬರುವುದಿಲ್ಲ. ಬಿಟ್ಟುಹೋದ ಗಾಯ ಇರುವವರಿಗೆ ಇದು ಬಹಳ ಚುಚ್ಚುತ್ತದೆ. ಮತ್ತೆ ಬಿಟ್ಟರು ಅನ್ನಿಸುತ್ತದೆ. ಆದರೆ ಅದು ದಣಿವು. ಇಷ್ಟು ದೊಡ್ಡ ಸುದ್ದಿಯನ್ನು ದಿನವೂ ಹೊತ್ತು ಯಾರಿಗೂ ತಿರುಗಾಡಲು ಆಗುವುದಿಲ್ಲ. ಹಾಗಾಗಿ ಮೊದಲಿಂದಲೇ ನಿಧಾನ ಇರಲಿ. ಭಾನುವಾರ ಒಂದು ಫೋನು, ಅಷ್ಟೇ. ತಂಗಿಗೆ ಕನ್ನಡ ಬಾರದಿದ್ದರೆ ಹಿಂದಿಯಲ್ಲಿ ಮಾತಾಡಿ, ಅದಕ್ಕೆ ಬೇಸರ ಬೇಡ. ನಿಮ್ಮ ಬಾಲ್ಯದ ಕಷ್ಟವನ್ನೆಲ್ಲ ಅವರ ಮುಂದೆ ಒಂದೇ ಸಲ ಸುರಿಯಬೇಡಿ. ಅವರ ಬಾಲ್ಯದ ಸುಖದ ಕಥೆ ಕೇಳಿ ನಿಮ್ಮ ಹೊಟ್ಟೆ ಉರಿಯುತ್ತದೆ, ಅದೂ ನಿಜ. ಅಪ್ಪ ಶಾಲೆಗೆ ಬಿಡುತ್ತಿದ್ದರು ಎಂದು ಅವಳು ಹೇಳಿದಾಗ ಉರಿಯದೆ ಇರುತ್ತದೆಯೇ? ಆ ಉರಿಯನ್ನು ಗಂಡನ ಹತ್ತಿರ, ಗೆಳತಿಯ ಹತ್ತಿರ ಹೇಳಿಕೊಳ್ಳಿ. ಅವಳ ಹತ್ತಿರ ಬೇಡ, ಸದ್ಯಕ್ಕೆ.

ಗಂಡ ಎತ್ತಿದ ಆಸ್ತಿ ಮತ್ತು ಖರ್ಚಿನ ಪ್ರಶ್ನೆಗೆ ಬರುತ್ತೇನೆ. ನಾನು ವಕೀಲೆ ಅಲ್ಲ, ಆದರೆ ಈ ಕೆಲಸದಲ್ಲಿ ತಿಳಿದುಕೊಳ್ಳಲೇಬೇಕಾದ ನಾಲ್ಕು ವಿಷಯ ಇವೆ. ನೀವು ಹಿಂದೂ ವಿವಾಹ ಕಾಯ್ದೆಗೆ ಒಳಪಡುವವರು ಎಂದುಕೊಂಡು ಹೇಳುತ್ತಿದ್ದೇನೆ. ವಿಚ್ಛೇದನ ಆಗಿಲ್ಲದ ಕಾರಣ 1955ರ ಆ ಕಾಯ್ದೆಯ ಪ್ರಕಾರ ನಿಮ್ಮ ಅಮ್ಮನೇ ಇಂದಿಗೂ ಹೆಂಡತಿ. ಏಳು ವರ್ಷ ಕಾಣದಿದ್ದರೆ ಮದುವೆ ತಾನಾಗಿ ಮುರಿಯುತ್ತದೆ ಎಂದು ಊರಲ್ಲಿ ಹೇಳುತ್ತಾರೆ, ಅದು ಹಾಗಲ್ಲ. ಏಳು ವರ್ಷ ಸುದ್ದಿ ಇಲ್ಲದಿದ್ದರೆ ಸತ್ತಿರಬಹುದೆಂದು ಕೋರ್ಟು ಭಾವಿಸಬಹುದು, ಅಷ್ಟೇ. ಎರಡನೇ ಮದುವೆ ಕಾನೂನಿನಲ್ಲಿ ನಿಲ್ಲುವುದಿಲ್ಲ. ಆದರೆ ಅದರಲ್ಲಿ ಹುಟ್ಟಿದ ಮಕ್ಕಳು ಅದೇ ಕಾಯ್ದೆಯ 16ನೇ ಕಲಮಿನಂತೆ ಸಕ್ರಮ ಮಕ್ಕಳೇ. ರೇವಣಸಿದ್ದಪ್ಪ ವಿರುದ್ಧ ಮಲ್ಲಿಕಾರ್ಜುನ ಎಂಬ ನಮ್ಮ ಕರ್ನಾಟಕದ್ದೇ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ತಂದೆಯ ಸ್ವಂತ ಆಸ್ತಿಯಲ್ಲಿ, ಪಿತ್ರಾರ್ಜಿತದಲ್ಲಿ ತಂದೆಯ ಪಾಲಿಗೆ ಬರುವುದರಲ್ಲಿ ಆ ಮಕ್ಕಳಿಗೆ ಹಕ್ಕಿದೆ. ಕುಟುಂಬದ ಬೇರೆಯವರ ಪಾಲಿನಲ್ಲಿ ಇಲ್ಲ. ನಿಮಗೂ ಮಗಳಾಗಿ ಪಿತ್ರಾರ್ಜಿತದಲ್ಲಿ ಮಗನಷ್ಟೇ ಹಕ್ಕಿದೆ. 2005ರ ತಿದ್ದುಪಡಿ ಅದನ್ನು ಕೊಟ್ಟಿತು, 2020ರಲ್ಲಿ ಸುಪ್ರೀಂ ಕೋರ್ಟ್ ಇದು ಹುಟ್ಟಿನಿಂದಲೇ ಬರುವ ಹಕ್ಕು ಎಂದು ಖಚಿತ ಮಾಡಿತು. ತೀರ್ಥಹಳ್ಳಿ ಕಡೆಯ ಜಮೀನಿನ ಪಹಣಿ ಯಾರ ಹೆಸರಿನಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳಿ. ಹಕ್ಕು ಖುಲಾಸೆ ಪತ್ರ ಆಗಲಿ, ಬೇರೆ ಯಾವ ಕಾಗದವಾಗಲಿ, ಭೇಟಿಯ ಬಿಸಿಯಲ್ಲಿ ಸಹಿ ಹಾಕಬೇಡಿ.

ಖರ್ಚಿನ ವಿಷಯದಲ್ಲಿ ಗಂಡ ಹೇಳಿದ್ದನ್ನು ತಳ್ಳಿಹಾಕುವಂತಿಲ್ಲ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಲ್ಲಿ ತನ್ನನ್ನು ತಾನು ನೋಡಿಕೊಳ್ಳಲಾಗದ ತಂದೆ ಮಕ್ಕಳಿಂದ ಜೀವನಾಂಶ ಕೇಳಬಹುದು. ಅಲ್ಲಿ ಮಕ್ಕಳು ಎಂದರೆ ನೀವು ಮೂವರೂ. ಅದೇ ರೀತಿ ನಿಮ್ಮ ಅಮ್ಮನಿಗೂ ಗಂಡನಿಂದ ಜೀವನಾಂಶ ಕೇಳುವ ಹಕ್ಕಿದೆ. ಕೇಳಬೇಕೋ ಬೇಡವೋ ಎಂಬುದು ಅಮ್ಮನ ಇಷ್ಟ, ಆದರೆ ಹಕ್ಕಿದೆ ಎಂಬುದು ಅವರಿಗೆ ಗೊತ್ತಿರಲಿ. ಹೋಗುವ ಮೊದಲು ಅಮ್ಮನ ಜೊತೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಬನ್ನಿ. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತವಾಗಿ ವಕೀಲರ ನೆರವು ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ನೀವಾಗಿಯೇ ಆಸ್ಪತ್ರೆಗೆ ಒಂದಿಷ್ಟು ಕೊಡಬೇಕು ಅನ್ನಿಸಿದರೆ ಕೊಡಿ, ತಪ್ಪೇನಿಲ್ಲ. ಗಂಡನಿಗೆ ಹೇಳಿ, ಒಂದು ಮೊತ್ತ ಗೊತ್ತು ಮಾಡಿಕೊಂಡು, ಒಂದೇ ಸಲ ಕೊಡಿ.

ಒಂದು ಲಾಭದ ಮಾತೂ ಇದೆ. ಇಷ್ಟು ವರ್ಷ ಡಾಕ್ಟರು "ಮನೆಯಲ್ಲಿ ಯಾರಿಗಾದರೂ ಬಿಪಿ, ಶುಗರ್, ಹಾರ್ಟ್ ತೊಂದರೆ ಇದೆಯಾ" ಎಂದು ಕೇಳಿದಾಗ ನೀವು ಅಮ್ಮನ ಕಡೆಯದ್ದು ಮಾತ್ರ ಹೇಳಿರುತ್ತೀರಿ. ಈಗ ಅರ್ಧ ಖಾಲಿ ಇದ್ದ ಆ ಉತ್ತರ ತುಂಬುತ್ತದೆ. ಅಪ್ಪನಿಗೆ ಲಕ್ವ ಯಾಕೆ ಆಯಿತು, ಬಿಪಿ ಎಷ್ಟು ವರ್ಷದಿಂದ ಇತ್ತು, ಅವರ ಅಣ್ಣ ತಮ್ಮಂದಿರು ಯಾವ ವಯಸ್ಸಿನಲ್ಲಿ ಹೋದರು, ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಬಂದ ಮೇಲೆ ನಿಮ್ಮ ಬಿಪಿ ಒಮ್ಮೆ ನೋಡಿಸಿ. ತಮ್ಮನಿಗೂ ನೋಡಿಸಲು ಹೇಳಿ. ಅಕ್ಕನಾಗಿ ಹೇಳುವ ಮೊದಲ ಬುದ್ಧಿಮಾತು ಅದೇ ಆಗಲಿ.

ವಾಪಸ್ ಬಂದ ಮೇಲಿನ ಒಂದು ವಾರ ಕಷ್ಟ. ಎಲ್ಲರೂ "ಹೇಗಾಯ್ತು?" ಎಂದು ಕೇಳುತ್ತಾರೆ, ನಿಮಗೆ ಹೇಳಲು ಏನೂ ಇರುವುದಿಲ್ಲ. ನಿದ್ದೆ ಕೆಡಬಹುದು. ಆಫೀಸಿನಲ್ಲಿ ಲೆಕ್ಕ ಬರೆಯುತ್ತಾ ಇದ್ದಕ್ಕಿದ್ದ ಹಾಗೆ ಅಳು ಬರಬಹುದು. ಎರಡು ವಾರ ಕಳೆದರೂ ಊಟ, ನಿದ್ದೆ ಸರಿಹೋಗದಿದ್ದರೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಫೋನ್ ಮಾಡಿ. ದಿನದ ಯಾವ ಹೊತ್ತಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ರಜೆ ಇದ್ದರೆ ಬಂದ ಮಾರನೇ ದಿನ ಅಮ್ಮನ ಹತ್ತಿರ ಹೋಗಿ ಉಳಿಯಿರಿ. ಅವರು ಕೇಳಿದಷ್ಟನ್ನೇ ಹೇಳಿ.

ಇಷ್ಟೆಲ್ಲ ಆಗುವ ತನಕ ಆ ಹುಡುಗನನ್ನು ಕಾಯಿಸಬೇಡಿ. ಒಂದು ತಿಂಗಳಿಂದ ಅವನು ದಿನಾ ಫೋನು ತೆಗೆದು ನೋಡುತ್ತಿರುತ್ತಾನೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ ಅನ್ನಿಸುತ್ತದೆ, ಹಾಗಾಗಿ ಬರೆಯಬೇಡಿ, ಧ್ವನಿ ಸಂದೇಶ ಕಳಿಸಿ. "ನಿನ್ನ ಮೆಸೇಜ್ ನೋಡಿದೆ. ನನಗೆ ಸ್ವಲ್ಪ ದಿನ ಬೇಕು. ಮೊದಲು ನಮ್ಮಮ್ಮನಿಗೆ ಹೇಳ್ಬೇಕು. ಆಮೇಲೆ ನಾನೇ ಫೋನ್ ಮಾಡ್ತೀನಿ. ಅಪ್ಪನಿಗೆ ಮಾತ್ರೆ ಸರಿಯಾಗಿ ಕೊಡು." ಇಷ್ಟು ಸಾಕು. ಅವನು ಅದನ್ನು ಅಪ್ಪನ ಕಿವಿಯ ಹತ್ತಿರ ಹಿಡಿದೇ ಹಿಡಿಯುತ್ತಾನೆ. ಅದು ಬೇಡ ಅನ್ನಿಸಿದರೆ ಮೊದಲೇ ಅವನಿಗೆ ಹೇಳಿಬಿಡಿ.